ವಾಟ್ನಿಗೆ ಮೊದಲು ಗುನ್ನೆ ನಂಬರ್

ಚಿತ್ತಾಪುರ ತಾಲೂಕಿನ ಹೆಣ್ಣುಮಗಳೊಬ್ಬರು ಬರೆದಿದ್ದಾರೆ. 2014ರಲ್ಲಿ ಅವರ ತಮ್ಮನಿಗೆ ಹದಿನೈದು ವರ್ಷ, ಒಂಬತ್ತನೇ ಕ್ಲಾಸು. ಕಲಬುರಗಿಗೆ ಶರಣಬಸವೇಶ್ವರರ ಜಾತ್ರೆಗೆ ಹೋದವನು ತಿರುಗಿ ಬರಲಿಲ್ಲ. ಅಪ್ಪ ಕೊರಗಿಯೇ ತೀರಿಕೊಂಡರು. ಅವ್ವ ಹುಡುಗನ ಶಾಲೆ ಅಂಗಿಯನ್ನು ಇವತ್ತಿಗೂ ಒಗೆಯಲು ಕೊಡುವುದಿಲ್ಲ. ಈಗ ಕಾಕಾ ತೊಗರಿ ಹೊಲದ ವಾಟ್ನಿಗೆ, ಅಂದರೆ ಪಾಲು ಮಾಡಲು, ಕೂತಿದ್ದಾರೆ. ‘ಏಳು ವರ್ಷ ದಾಟಿದ್ರ ಸತ್ತಂಗೇ ಲೆಕ್ಕ, ಬಾಂಡ್ ಪೇಪರಿಗೆ ಸಹಿ ಹಾಕ್ರಿ’ ಅನ್ನುತ್ತಾರಂತೆ. ಸಹಿ ಹಾಕಿದರೆ ಅವ್ವನ ಜೀವ ಹೋಗುತ್ತದೆ, ಹಾಕದಿದ್ದರೆ ಮನೆ ಒಡೆಯುತ್ತದೆ, ಏನು ಮಾಡಲಿ ಎಂದು ಕೇಳಿದ್ದಾರೆ.

ತಂಗೀ, ಪತ್ರದ ಕೊನೆಗೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ: ‘ಠಾಣೆಯವರು ಕೊಟ್ಟ ಹಿಂಬರಹ ಕಾಕಾನ ಹತ್ತಿರ ಐತಿ.’ ನನ್ನ ಕಣ್ಣು ನಿಂತದ್ದು ಅಲ್ಲೇ. ಹಿಂಬರಹ ಎಫ್‌ಐಆರ್ ಅಲ್ಲ. ಅರ್ಜಿ ಬಂದಿದೆ, ನೋಡಿದ್ದೇವೆ ಎನ್ನುವ ಚೀಟಿ ಅದು. ಎಫ್‌ಐಆರ್ ಹಾಕಿದಾಗ ಸಿಗುವ ಗುನ್ನೆ ನಂಬರ್ ಇಲ್ಲದಿದ್ದರೆ ನಿಮ್ಮ ತಮ್ಮನನ್ನು ಹುಡುಕಲು ಪ್ರಕರಣವೇ ಇಲ್ಲ ಎಂದರ್ಥ. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು, ನಾಲ್ಕು ತಿಂಗಳಲ್ಲಿ ಸಿಗದಿದ್ದರೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಒಪ್ಪಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರ ಮೇ 10ರಂದೇ ಆದೇಶಿಸಿತ್ತು. ಅಂದರೆ ನಿಮ್ಮ ತಮ್ಮ ಹೋಗುವ ಮೊದಲೇ.

ಅಂದು ಠಾಣೆಯಲ್ಲಿ ‘ಮುಂಬೈಗೆ ದುಡೀಲಿಕ್ಕ ಹೋಗ್ಯಾನ, ಬರ್ತಾನ ಬಿಡ್ರಿ’ ಎಂದವರೂ ಇದೇ ಕಾಕಾ. ಠಾಣೆಯವರ ತಪ್ಪು ಇದ್ದೇ ಇದೆ. ಆದರೆ ಅವರಿಗೆ ಪೆನ್ನು ಕೆಳಗಿಡಲು ನೆಪ ಒದಗಿಸಿದ್ದು ಆ ಮಾತು. ಹೆತ್ತವಳನ್ನು ಮನೆಯಲ್ಲಿ ಕೂಡಿಸಿ ಗಂಡಸರಷ್ಟೇ ಠಾಣೆಗೆ ಹೋಗುವುದು ಬೇಡ ಎಂದು ಇಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಏಳು ವರ್ಷದ ಮಾತೂ ಅರ್ಧ ಸತ್ಯ. ಹಳೇ ಸಾಕ್ಷ್ಯ ಕಾಯ್ದೆಯ 108ನೇ ಕಲಂ, ಈಗಿನ ಸಾಕ್ಷ್ಯ ಅಧಿನಿಯಮದ 111, ಹೇಳುವುದು ಇಷ್ಟೇ: ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ, ಬದುಕಿದ್ದಾನೆ ಎನ್ನುವವರು ಅದನ್ನು ಸಾಬೀತು ಮಾಡಬೇಕು. ಅದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟು, ನೋಟರಿ ಮಾಡಿಸಿದ ಬಾಂಡ್ ಅಲ್ಲ. ಆ ಕೋರ್ಟೂ ಹುಡುಕಿದ್ದಕ್ಕೆ ಪೊಲೀಸ್ ದಾಖಲೆ ಎಲ್ಲಿ ಎಂದು ಸಾಮಾನ್ಯವಾಗಿ ಕೇಳುತ್ತದೆ. ಕಾಕಾನ ದಾರಿ ಹಿಡಿದರೂ ಎಫ್‌ಐಆರ್ ಇದ್ದರೇ ಗಟ್ಟಿ.

ಆದ್ದರಿಂದ ಮಾಡುವ ಕೆಲಸ ಒಂದೇ, ಅದನ್ನು ಹಾಕಿಸಿ. ದೂರು ಅವ್ವನ ಹೆಸರಲ್ಲಿರಲಿ, ಎರಡು ಪ್ರತಿ. ಒಂದರ ಮೇಲೆ ಠಾಣೆ ಮೊಹರು, ತಾರೀಖು ಹಾಕಿಸಿಕೊಳ್ಳಿ. ಶಾಲೆಯ ಟಿಸಿ ಲಗತ್ತಿಸುವುದನ್ನು ಮರೆಯಬೇಡಿ. ಘಟನೆ ಹಳೆಯದಾದ್ದರಿಂದ ಹಳೇ ದಂಡ ಸಂಹಿತೆಯ (ಐಪಿಸಿ) ಅಪಹರಣದ ಕಲಂ 363 ಅನ್ವಯ, ಅದರಲ್ಲಿ ಗಂಡು ಹುಡುಗನಿಗೆ ಹದಿನಾರು ತುಂಬಿರಬಾರದು, ಹುಟ್ಟಿದ ತಾರೀಖೇ ಆಧಾರ. ‘ಭಾಳ ಹಳೇದಾತು’ ಎಂದರೆ ಒಪ್ಪಬೇಡಿ, ಏಳು ವರ್ಷದವರೆಗೆ ಶಿಕ್ಷೆ ಇರುವ ಈ ಅಪರಾಧಕ್ಕೆ ಕಾಲಮಿತಿ ಇಲ್ಲ. ‘ಜಾತ್ರಿ ನಮ್ಮ ಹದ್ದಿನಾಗ ಬರಂಗಿಲ್ಲ’ ಎಂದರೆ ಜೀರೊ ಎಫ್‌ಐಆರ್, ಅಂದರೆ ಹದ್ದು ನೋಡದೆ ಯಾವ ಠಾಣೆಯಲ್ಲಾದರೂ ಹಾಕುವ ಎಫ್‌ಐಆರ್, ಕೇಳಿ. ಆಗಲೂ ಆಗದಿದ್ದರೆ ಅದೇ ದೂರನ್ನು ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆ ರಸೀದಿ, ಒಂದು ಪ್ರಮಾಣಪತ್ರ (ಅಫಿಡವಿಟ್) ಹಿಡಿದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ, ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಗುನ್ನೆ ನಂಬರ್ ಬಂದ ದಿನವೇ ಅವ್ವನ ರಕ್ತದ ಮಾದರಿ ಡಿಎನ್‌ಎಗೆ ತೆಗೆಸಿ ಎಂದು ತನಿಖಾಧಿಕಾರಿಗೆ ಬರೆದು ಕೊಡಿ. ಗುರುತು ಸಿಗದ ಶವಗಳ ಜೊತೆ ಹೋಲಿಸಲು ತಾಯಿಯ ರಕ್ತ ಬಹಳ ಮುಖ್ಯ, ಅದನ್ನು ಅವರು ಇರುವಾಗಲೇ ಕೊಡಬೇಕು. ಓದಲು ಕಷ್ಟವಾದರೂ ಇದನ್ನು ಹೇಳಲೇಬೇಕು. ಅಂಗಿ ಪ್ಲಾಸ್ಟಿಕ್ ಚೀಲದಲ್ಲಿದ್ದರೆ ಕಾಗದದ ಚೀಲಕ್ಕೆ ಹಾಕಿ, ತೇವ ನಿಂತು ಬೂಸ್ಟು ಹಿಡಿದರೆ ಡಿಎನ್‌ಎ ಕೆಡುತ್ತದೆ. 2014ರಲ್ಲಿ ಮನೆಯಲ್ಲಿದ್ದ ಮೊಬೈಲ್ ನಂಬರ್ ಚಾಲ್ತಿಯಲ್ಲಿದ್ದರೆ ರೀಚಾರ್ಜ್ ತಪ್ಪಿಸಬೇಡಿ, ಹುಡುಗನಿಗೆ ಬಾಯಿಪಾಠ ಇರುವ ನಂಬರ್ ಅದೇ ಇರಬಹುದು.

ಹಿಂಬರಹವನ್ನು ಈ ವಾರವೇ ಕಾಕಾನಿಂದ ಇಸಿದುಕೊಳ್ಳಿ. ಗುನ್ನೆ ನಂಬರ್ ಕೈಗೆ ಬರುವತನಕ ಅವ್ವನಾಗಲಿ ನೀವಾಗಲಿ ಯಾವ ಬಾಂಡಿಗೂ ಸಹಿ ಹಾಕಬೇಡಿ, ಹೆಬ್ಬೆಟ್ಟೂ ಒತ್ತಬೇಡಿ.