ಕುಡಿತ ಬಿಟ್ಟ ಮೇಲೆ ಉಳಿದ ಬಾಕಿ

(ಹೆಸರು, ವಯಸ್ಸು, ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ ಒಪ್ಪಿದ್ದಾರೆ.)

ಗಂಡ ಕುಡೀತಾರೆ ಅಂತ ಆಪ್ತಸಲಹೆಗೆ ನನ್ನ ಹತ್ತಿರ ಬರುವ ಹೆಂಗಸರು ಬಹಳ. ಶೋಭಾ ಬಂದಿದ್ದು ಗಂಡ ಕುಡಿತ ಬಿಟ್ಟ ಮೇಲೆ.

ಹುಬ್ಬಳ್ಳಿ ಕಡೆಯವರು. ಮನೆಯಲ್ಲೇ ಹೊಲಿಗೆ ಕೆಲಸ. ಗಂಡ ಮಂಜುನಾಥ ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ವೆಲ್ಡರ್. ಮಗಳು ಪಿಯುಸಿ ಎರಡನೇ ವರ್ಷ. ಜೊತೆಗೆ ಅತ್ತೆ.

"ಕುಡಿಯೋದು ಬಿಟ್ಟಾರ್ರಿ ಮೇಡಂ, ವರ್ಷ ಆತು. ಹೊಡಿಯೋದೂ ಬಿಟ್ಟಾರ. ಓಣ್ಯಾಗಿನ ಮಂದಿ ಎಲ್ಲಾ ಪುಣ್ಯಾ ಮಾಡೀದಿ ಅಂತಾರ. ನನಗ ಯಾಕ ಸಿಟ್ಟು ಹೋಗವಲ್ದು?"

ಮಂಜುನಾಥ ಮದುವೆಯಾದ ಹೊಸದರಿಂದಲೂ ಕುಡಿಯುತ್ತಿದ್ದವರು. ಶೆಡ್ಡಿನ ಗೆಳೆಯರೊಬ್ಬರು ಒಂದು ಪ್ರಾರ್ಥನಾಕೂಟಕ್ಕೆ ಕರೆದುಕೊಂಡು ಹೋದರು. ಆಮೇಲೆ ಮೂರು ದಿನದ ಉಪವಾಸ ಪ್ರಾರ್ಥನೆ. ಅಲ್ಲಿಂದ ಎದ್ದವರು ಬಾಟಲಿ ಮುಟ್ಟಿಲ್ಲ. ಕೆಲವು ತಿಂಗಳ ನಂತರ ದೀಕ್ಷಾಸ್ನಾನವೂ ಆಗಿ ಕ್ರೈಸ್ತರಾದರು. ಈಗ ಬುಧವಾರ ಪ್ರಾರ್ಥನೆ, ಶುಕ್ರವಾರ ಉಪವಾಸ, ಭಾನುವಾರ ಆರಾಧನೆ. ಪಗಾರದಲ್ಲಿ ದಶಮಾಂಶ, ಅಂದರೆ ಹತ್ತರಲ್ಲೊಂದು ಪಾಲು, ಸಭೆಗೆ (ಚರ್ಚಿಗೆ). ಮನೆಯಲ್ಲಿ ದೇವರ ಜಗಲಿ ತೆಗೆಯಬೇಕು ಅಂತ ಹಟ.

ನಾನು ಮೊದಲೇ ಒಂದು ವಿಷಯ ಹೇಳಿಬಿಟ್ಟೆ. ನಾನು ಹುಟ್ಟಿದ್ದು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರಾಗಿರುವ ಮನೆಯಲ್ಲಿ. ಮುಜುಗರ ಅನಿಸಿದರೆ ಬೇರೆ ಆಪ್ತಸಲಹೆಗಾರರ ಹತ್ತಿರ ಕಳಿಸ್ತೀನಿ ಅಂದೆ. ಶೋಭಾ ಸ್ವಲ್ಪ ಯೋಚನೆ ಮಾಡಿ, "ಹಂಗಾದ್ರ ಛಲೋ ಆತು. ಅವರು ಬೈಬಲ್ ತಗದು ನನ್ನ ಬಾಯಿ ಮುಚ್ಚಸಾಕ ಬಂದ್ರ ನಿಮಗರ ಗೊತ್ತಾಗ್ತದ" ಅಂದರು.

ಹೊಡೆತದ ಇತಿಹಾಸ ಇರುವ ಮನೆಯಲ್ಲಿ ಮೊದಲು ಕೇಳಬೇಕಾದ್ದನ್ನು ಅವರೊಬ್ಬರೇ ಇದ್ದಾಗಲೇ ಕೇಳಿದೆ. ಈಗ ಕೈ ಎತ್ತುತ್ತಾರಾ? ಬೆದರಿಸುತ್ತಾರಾ? ಮನೆಗೆ ಹೋಗೋಕೆ ಭಯವಾ? ಇಲ್ಲ ಅಂದರು. ಆದರೂ ಮಹಿಳಾ ಸಹಾಯವಾಣಿ 181 ಬರೆದುಕೊಟ್ಟೆ.

ಮುಂದಿನ ಸಲ ಬಂದಾಗ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಮಗಳ ಹಳೆಯ ಗಣಿತದ ಪುಸ್ತಕ. ಹಿಂದಿನ ಖಾಲಿ ಹಾಳೆಗಳಲ್ಲಿ ಬಾಕಿ ಬರೆದಿಟ್ಟಿದ್ದರು. ಅತ್ತೆಯ ಪಾಟ್ಲಿ (ಬಂಗಾರದ ಬಳೆ), ಅಡವು. ತವರಿನವರು ಹಾಕಿದ ಸರ, ಬ್ಯಾಂಕಿನಲ್ಲಿ ಅಡವು. ಕಿರಾಣಿ ಅಂಗಡಿ. ಗಂಡನ ಆಸ್ಪತ್ರೆ ಖರ್ಚಿಗೆ ತಮ್ಮ ಹೆಸರಿನಲ್ಲಿ ಎತ್ತಿದ ಸ್ವಸಹಾಯ ಸಂಘದ ಸಾಲ. ಅಣ್ಣನ ಹತ್ತಿರ ತಂದ ಕೈಗಡ. ನಡುವೆ ಒಂದು ಸಾಲು ಹಣದ್ದಲ್ಲ. "ದೀಪಾವಳಿ, ಮಗಳ ಮುಂದ." ಅದರ ಎದುರಿಗೆ ಮೊತ್ತ ಇಲ್ಲ.

"ದೇವರು ನನ್ನ ಪಾಪ ಎಲ್ಲಾ ಕ್ಷಮಿಸ್ಯಾನ ಅಂತಾರ್ರಿ. ನನ್ನ ಒಂದು ಮಾತು ಕೇಳೇ ಇಲ್ಲ."

ಇನ್ನೂ ಒಂದು ಇತ್ತು. ಮಂಜುನಾಥ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದರು. ತಾನು ಎಂಥವನಿದ್ದೆ, ಹೆಂಡತಿಯನ್ನು ಹೇಗೆ ಹೊಡೆಯುತ್ತಿದ್ದೆ, ಯೇಸುಸ್ವಾಮಿ ಹೇಗೆ ಬದಲಿಸಿದರು ಅಂತ. ಆ ಸಭೆಗೆ ಹೋಗುವ ಪಕ್ಕದ ಓಣಿಯ ಹೆಂಗಸು ಬಂದು ಶೋಭಾಗೆ ಹೇಳಿದರು. "ನಾ ಹೊಡತಾ ತಿಂದಿದ್ದು ಇವರಿಗೆ ಚಪ್ಪಾಳಿ ತಟ್ಟಸ್ತು" ಅಂದರು ಶೋಭಾ. ಅವರು ಅತ್ತಿದ್ದು ಆಗ.

ಮಂಜುನಾಥ ಕರೆದ ಕೂಡಲೇ ಬಂದರು. ಕೈಯಲ್ಲಿ ಸತ್ಯವೇದ, ಅಂದರೆ ಬೈಬಲ್. ಇಸ್ತ್ರಿ ಮಾಡಿದ ಅಂಗಿ. ಮೊದಲು ಮಗಳು ತನ್ನ ಚಪ್ಪಲಿ ಸಪ್ಪಳ ಕೇಳಿದರೆ ಒಳಗೆ ಓಡುತ್ತಿದ್ದಳು, ಈಗ ಲೆಕ್ಕ ಹೇಳಿಸಿಕೊಳ್ಳೋಕೆ ಪಕ್ಕದಲ್ಲಿ ಕೂರುತ್ತಾಳೆ ಅಂದರು. ಈ ಬದಲಾವಣೆ ನಿಜ. ಇದನ್ನು ಯಾರಾದರೂ ಸುಮ್ನೆ ನಾಟಕ ಅಂದರೆ ನಾನು ಒಪ್ಪುವುದಿಲ್ಲ. ನಂಬಿಕೆ ಅವರಿಗೆ ಸಂಜೆ ಹೋಗೋಕೆ ಒಂದು ಜಾಗ ಕೊಟ್ಟಿತು. ಬರದಿದ್ದರೆ ಫೋನ್ ಮಾಡಿ ಕೇಳುವ ಜನ ಕೊಟ್ಟಿತು. "ಕುಡುಕ ಮಂಜ್ಯಾ" ಅನ್ನಿಸಿಕೊಳ್ಳುತ್ತಿದ್ದವರನ್ನು ಅಲ್ಲಿ "ಬ್ರದರ್" ಅಂತ ಕರೆದರು. ನಮ್ಮ ಕೊಠಡಿಗಳಲ್ಲಿ ತಿಂಗಳುಗಟ್ಟಲೆ ಕೂತರೂ ಸಿಗದ್ದು ಎಷ್ಟೋ ಜನರಿಗೆ ಅಲ್ಲಿ ಸಿಕ್ಕಿದೆ.

ತೊಂದರೆ ಇದ್ದದ್ದು ಬೇರೆ ಕಡೆ. ಗಂಡ ಕುಡಿದು ಬಿದ್ದಿದ್ದಷ್ಟು ವರ್ಷ ಆ ಮನೆಗೆ ಯಜಮಾನಿ ಶೋಭಾ. ಫೀ, ರೇಷನ್, ಬಾಡಿಗೆ, ಸಂಬಂಧಿಕರ ಮುಂದೆ ಮಾನ, ಎಲ್ಲ ಅವರದೇ. ಈಗ ಗಂಡ ಎದ್ದು ಬಂದು, ಗಂಡನು ಹೆಂಡತಿಗೆ ತಲೆ ಅಂತ ಬರೆದಿದೆ ಅಂತ ಓದಿ ತೋರಿಸುತ್ತಾರೆ. ಸಿಟ್ಟು ಬರದೇ ಇರುತ್ತಾ? ಕುಡಿತ ಬಿಟ್ಟ ಮನೆಗಳಲ್ಲಿ ಮೊದಲ ವರ್ಷ ಜಗಳ ಜಾಸ್ತಿಯಾಗೋದು ಹೀಗೇ. ಯಾವ ಧರ್ಮದವರಾದರೂ ಸರಿ.

ನಾನು ಅವರ ಕೈಯಲ್ಲಿದ್ದ ಪುಸ್ತಕವನ್ನೇ ತೆರೆಸಿದೆ. ಲೂಕನ ಸುವಾರ್ತೆ, 19ನೇ ಅಧ್ಯಾಯ. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆ ಅವರಿಗೆ ಬಾಯಿಪಾಠ. ಮರ ಹತ್ತಿದ್ದು, ಯೇಸು ಮನೆಗೆ ಬಂದಿದ್ದು ಎಲ್ಲ ಹೇಳಿದರು. "ಆಮೇಲೆ?" ಅಂದೆ. ಓದಿದರು. ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಸಿದದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಜಕ್ಕಾಯ ಹೇಳುತ್ತಾನೆ. ಈ ಮನೆಗೆ ಇವತ್ತು ರಕ್ಷಣೆಯಾಯಿತು ಅಂತ ಯೇಸು ಹೇಳಿದ್ದು ಅದರ ನಂತರದ ವಚನದಲ್ಲಿ. ಮಂಜುನಾಥ ಆ ಎರಡು ವಚನ ಮತ್ತೊಮ್ಮೆ ಓದಿಕೊಂಡರು. ಆಗ ನಾನು ಶೋಭಾರ ಅನುಮತಿ ಪಡೆದು ಇಟ್ಟುಕೊಂಡಿದ್ದ ನೋಟ್‌ಬುಕ್ ಮುಂದಿಟ್ಟೆ.

ಕುಡಿತ ಬಿಟ್ಟವರ ಸಂಘಗಳೂ ಇದನ್ನೇ ಹೇಳುತ್ತವೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾಗಿದ್ದು 1935ರಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ. ಬಿಲ್ ವಿಲ್ಸನ್, ಡಾಕ್ಟರ್ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿಕೊಂಡರು. ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಅನ್ನೋ ಕ್ರೈಸ್ತ ಕೂಟದ ಗಾಳಿಯಲ್ಲಿದ್ದವರು. ಈ ಸಂಘ ಹೇಳಿಕೊಡುವ ಹನ್ನೆರಡು ಹೆಜ್ಜೆಗಳಲ್ಲಿ ಎಂಟನೆಯದು, ನೋವು ಮಾಡಿದವರ ಪಟ್ಟಿ ಬರೆಯೋದು. ಒಂಬತ್ತನೆಯದು, ಹೋಗಿ ಸರಿಪಡಿಸೋದು. ಹೋಗಿ ಹೇಳಿದರೆ ಅವರಿಗೇ ಮತ್ತೆ ನೋವಾಗುವ ಹಾಗಿದ್ದರೆ ಬೇಡ ಅಂತಲೂ ಅಲ್ಲೇ ಇದೆ. ಮಂಜುನಾಥರ ಪಟ್ಟಿ ಬರೆಯುವ ಕೆಲಸವನ್ನು ಹೆಂಡತಿ ಆಗಲೇ ಮಾಡಿಟ್ಟಿದ್ದರು.

ಅವರಿಗೆ ನಾನು ಕೊಟ್ಟ ಸಲಹೆ ಇಷ್ಟು. ಪುಸ್ತಕದ ಒಂದೊಂದು ಸಾಲಿನ ಮುಂದೆ ಕೂತು ಕೇಳಿ, ತೀರಿಸಿ. ಮೊತ್ತವಿಲ್ಲದ ಸಾಲನ್ನು ಕೊನೆಗೆ ಇಟ್ಟುಕೊಳ್ಳಿ, ಅದರ ಬಗ್ಗೆ ಶೋಭಾ ಮಾತೆತ್ತಿದಾಗ ಸುಮ್ನೆ ಕೇಳಿ, ವಚನ ಹೇಳಬೇಡಿ. "ಕ್ಷಮಿಸಿದೆ ಅನ್ನು" ಅಂತ ಒತ್ತಾಯ ಬೇಡ. ಸಾಕ್ಷಿ ಹೇಳೋದಾದರೆ ನಿಮ್ಮ ಕಥೆ ಹೇಳಿ, ಹೆಂಡತಿ ಮಗಳ ಗಾಯ ಅವರ ಅನುಮತಿ ಇಲ್ಲದೆ ಹೇಳಬೇಡಿ.

ದಶಮಾಂಶದ ಮಾತು ಬಂದಾಗ ಸ್ವಲ್ಪ ಬಿಗಿಯಾದರು. ದೇವರ ಪಾಲು ಮುಟ್ಟಬಾರದು ಅಂದರು. ಅವರ ಒಪ್ಪಿಗೆ ಪಡೆದು ಅವರ ಪಾಸ್ಟರ್ ಜೊತೆ ಮಾತಾಡಿದೆ. ವಾದ ಮಾಡಬೇಕಾಗುತ್ತೇನೋ ಅಂದುಕೊಂಡು ಹೋಗಿದ್ದೆ. ಪಾಸ್ಟರ್ ತಾವೇ ಮಾರ್ಕ 7ನೇ ಅಧ್ಯಾಯ ತೆಗೆದರು. ತಂದೆ ತಾಯಿಗೆ ಸಲ್ಲಬೇಕಾದ್ದನ್ನು "ಇದು ದೇವರಿಗೆ ಮೀಸಲು" ಅಂತ ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸು ಬೈಯುವ ಭಾಗ. ಪಾಟ್ಲಿ ಬಿಡಿಸುವ ತನಕ ಕಾಣಿಕೆ ನಿಲ್ಲಿಸಲಿ, ನಾನೇ ಹೇಳ್ತೀನಿ ಅಂದರು. ಎಲ್ಲ ಪಾಸ್ಟರುಗಳೂ ಹೀಗೆ ಹೇಳುತ್ತಾರೆ ಅಂತ ನಾನು ಹೇಳಲಾರೆ. ಹೇಳದವರ ಸಭೆಯಲ್ಲಿದ್ದರೆ, ಮನೆ ಸಾಲ ತೀರುವ ತನಕ ಇಷ್ಟೇ ಕೊಡ್ತೀನಿ ಅಂತ ನೀವೇ ಹೇಳುವ ಧೈರ್ಯ ಮಾಡಬೇಕು.

ಇಲ್ಲಿ ವೈದ್ಯಕೀಯದ ಒಂದು ಮಾತು. ಮಂಜುನಾಥ ಒಮ್ಮೆಲೇ ಕುಡಿತ ಬಿಟ್ಟರು, ಏನೂ ಆಗಲಿಲ್ಲ. ಅದು ಅವರ ಅದೃಷ್ಟ. ದಿನಾ ಜಾಸ್ತಿ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ದಿನ ಕೈ ನಡುಕ, ಬೆವರು ಬರುತ್ತೆ. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಇಲ್ಲದ್ದು ಕಾಣೋದು, ದಿಕ್ಕು ತಪ್ಪೋದು ಆಗಬಹುದು. ಜೀವಕ್ಕೇ ಅಪಾಯ. ಪ್ರಾರ್ಥನೆ ಮಾಡಿ, ಆದರೆ ವೈದ್ಯರ ಕಣ್ಣೆದುರು ಬಿಡಿಸಿ. ಮಾನಸಿಕ ಆರೋಗ್ಯದ ಆಸ್ಪತ್ರೆಗಳಾದ ಡಿಮ್ಹಾನ್ಸ್ ಧಾರವಾಡದಲ್ಲಿ, ನಿಮ್ಹಾನ್ಸ್ ಬೆಂಗಳೂರಿನಲ್ಲಿ ಇವೆ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಮಂಜುನಾಥ ಬಿಪಿ ಮಾತ್ರೆಯನ್ನೂ ನಿಲ್ಲಿಸಿಬಿಟ್ಟಿದ್ದರು, "ಸ್ವಸ್ಥ ಆಗೇನಿ" ಅಂತ. ಸುವಾರ್ತೆ ಬರೆದ ಲೂಕನೇ ವೈದ್ಯ, ಬೈಬಲಿನಲ್ಲಿ ಪತ್ರಗಳನ್ನು ಬರೆದ ಪೌಲ ಅವನನ್ನು ಪ್ರಿಯ ವೈದ್ಯ ಅಂತ ಕರೆಯುತ್ತಾನೆ ಅಂದೆ. ಮಾತ್ರೆ ಮತ್ತೆ ಶುರುವಾಯಿತು. (ಹೊಟ್ಟೆಗೆ ಒಳ್ಳೆಯದು ಅಂತ ಸ್ವಲ್ಪ ದ್ರಾಕ್ಷಾರಸ, ಅಂದರೆ ವೈನ್, ಕುಡಿ ಅಂತ ಅದೇ ಪೌಲ ತಿಮೊಥೆಯನಿಗೆ ಹೇಳಿದ್ದೂ ಇದೆ. ಆ ವಚನ ನಾನು ನೆನಪಿಸೋಕೆ ಹೋಗಲಿಲ್ಲ.) ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಸಂಸ್ಕಾರ ಭೋಜನದ ಪಾತ್ರೆಯಲ್ಲಿ ಏನಿದೆ ಅಂತಲೂ ಕೇಳಿಕೊಳ್ಳಿ ಅಂದೆ. ಅವರ ಸಭೆಯಲ್ಲಿ ಬರೀ ದ್ರಾಕ್ಷಿ ರಸ. ವೈನ್ ಕೊಡುವ ಸಭೆಯಾದರೆ ರೊಟ್ಟಿ ಮಾತ್ರ ಸಾಕು ಅಂತ ಮೊದಲೇ ಹೇಳಿಡಬಹುದು.

ಇನ್ನು ಜಗಲಿ. ಅತ್ತೆ ಸವದತ್ತಿ ಯಲ್ಲಮ್ಮನ ಒಕ್ಕಲು. ಅವರ ದೇವರನ್ನು ತೆಗೆಸುವ ಹಕ್ಕು ನಿಮಗಿಲ್ಲ ಅಂತ ನೇರವಾಗಿಯೇ ಹೇಳಿದೆ. ನೀವು ಕೈ ಮುಗಿಯಬೇಕಾಗಿಲ್ಲ, ಅವರು ನಿಲ್ಲಿಸಬೇಕಾಗಿಲ್ಲ. ಮಗಳನ್ನು ಯಾರೂ ಯಾವ ಕಡೆಗೂ ಎಳೆಯೋದು ಬೇಡ. ನಂಬದ ಹೆಂಡತಿ ಜೊತೆಗಿರೋಕೆ ಒಪ್ಪಿದರೆ ಗಂಡ ಅವಳನ್ನು ಬಿಡಬಾರದು ಅಂತ ಪೌಲ ಕೊರಿಂಥದವರಿಗೆ ಬರೆದದ್ದು ಮಂಜುನಾಥರಿಗೆ ಗೊತ್ತಿತ್ತು. ಬಿಡುವ ಮಾತೆತ್ತಿದ್ದು ಶೋಭಾರ ಅಣ್ಣ. ಅವರಿಗೆ ಕಾನೂನು ವಿವರಿಸಿದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಒಬ್ಬರು ಮತ ಬದಲಿಸಿದರೆ ಇನ್ನೊಬ್ಬರು ವಿಚ್ಛೇದನ ಕೇಳಬಹುದು. ಮದುವೆ ತಾನಾಗೇ ಮುರಿಯಲ್ಲ. ಕೇಳುವ ಹಕ್ಕು ಶೋಭಾರದು, ಅಣ್ಣನದಲ್ಲ. ಶೋಭಾಗೆ ಅದು ಬೇಕಿರಲಿಲ್ಲ.

ಜಾಸ್ತಿ ಕಷ್ಟವಾಗಿದ್ದು ಹೋಳಿಗೆ. ಎಡೆ ಹಿಡಿದದ್ದನ್ನು ಮಂಜುನಾಥ ತಿನ್ನೋದಿಲ್ಲ. ಮಗ ಹಬ್ಬದ ದಿನ ಅನ್ನ ಸಾರು ತಿಂದು ಏಳುತ್ತಾನೆ ಅಂತ ತಾಯಿಗೆ ಸಂಕಟ. ಮೊದಲೇ ನಾಲ್ಕು ತೆಗೆದಿಡಿ ಅಂದರೆ ದೇವರಿಗೆ ತೋರಿಸದೆ ಮೀಸಲು ಮುರಿಯೋದು ಹೇಗೆ? ದಾರಿ ಕಂಡುಹಿಡಿದದ್ದು ಮಗಳು. ಹೂರಣ, ಕಣಕ ಸ್ವಲ್ಪ ಉಳಿಸಿಡೋದು. ಎಡೆ ಹಿಡಿದಾದ ಮೇಲೆ ಹಂಚು ಮತ್ತೆ ಕಾಯಿಸಿ ಅಪ್ಪನ ಪಾಲು ಬಿಸಿಬಿಸಿ ಬೇಯಿಸೋದು. ಅಜ್ಜಿಯ ನೇಮವೂ ಉಳೀತು, ಅಪ್ಪನ ಮನಸ್ಸಾಕ್ಷಿಯೂ. ಯುಗಾದಿಗೆ ಹಾಗೇ ಮಾಡಿದರಂತೆ. "ಎಲ್ಲಾರಿಗಿಂತ ಬಿಸಿ ಹೋಳಗಿ ಅವರಿಗೇ" ಅಂತ ಶೋಭಾ ನಗುತ್ತಾ ದೂರಿದರು.

ಶೆಡ್ಡಿನ ವಿಷಯವನ್ನು ಮಂಜುನಾಥ ಬೇಜಾರಿನಲ್ಲೇ ಹೇಳಿದ್ದು. ಜೊತೆಗಾರರಿಗೆ ಎಷ್ಟು ಸುವಾರ್ತೆ ಹೇಳಿದರೂ ಕಿವಿಗೆ ಹಾಕಿಕೊಳ್ಳಲ್ಲ ಅಂತ. ಮಾತಿನ ನಡುವೆ ಇನ್ನೊಂದು ಸಂಗತಿ ಬಂತು. ಶನಿವಾರ ಸಂಜೆ ಬಟವಡೆ ನಗದಿನಲ್ಲಿ ಸಿಗುತ್ತಿತ್ತು, ಅಲ್ಲಿಂದ ಸೀದಾ ಬಾರಿಗೆ. ತನಗೆ ಕೈಯಲ್ಲಿ ದುಡ್ಡು ಬೇಡ, ಬ್ಯಾಂಕಿಗೆ ಹಾಕಿಬಿಡಿ ಅಂತ ಮಾಲೀಕರಿಗೆ ಹೇಳಿದ್ದರು. ನೋಡಿ ಇನ್ನಿಬ್ಬರು ಹುಡುಗರು ತಮಗೂ ಹಾಗೇ ಮಾಡಿಸಿಕೊಂಡರು. ಅವರಲ್ಲಿ ಒಬ್ಬ ಮುಸ್ಲಿಂ, ಒಬ್ಬ ಲಿಂಗಾಯತ. ಇದನ್ನು ಮಂಜುನಾಥ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಾನು ತೆಗೆದುಕೊಂಡೆ.

ನಮ್ಮ ಕಡೆ ಕ್ರೈಸ್ತ ನಂಬಿಕೆ ಸುತ್ತಲಿನ ಬದುಕನ್ನು ಬದಲಿಸಿದ್ದು ಹೆಚ್ಚಾಗಿ ಹೀಗೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರ ಮುಂದೆ ಬಹುಬೇಗ ಒಂದು ಸಮಸ್ಯೆ ಬಂತು. ಕ್ರೈಸ್ತರಾದವರನ್ನು ಕುಲದವರು ಹೊರಗೆ ಹಾಕಿದರೆ ಕೆಲಸವೂ ಹೋಯಿತು. ಹೊಟ್ಟೆಪಾಡಿಗೆ ನೇಯ್ಗೆ ಶುರುಮಾಡಿದರು, 1865ರಲ್ಲಿ ಹಂಚಿನ ಕಾರ್ಖಾನೆ. ಆ ಮಂಗಳೂರು ಹಂಚು ಗುಡಿ, ಮಸೀದಿ, ಶಾಲೆ ಎಲ್ಲದರ ಮೇಲೂ ಕೂತಿತು. 1894ರಲ್ಲಿ ಅಚ್ಚಾದ, ಅದೇ ಮಿಷನ್‌ನ ಕಿಟೆಲ್ ಬರೆದ ಕನ್ನಡ ನಿಘಂಟನ್ನು ಇವತ್ತಿಗೂ ಎಲ್ಲ ಜಾತಿ ಮತದವರೂ ತಿರುವುತ್ತಾರೆ. ಅದೇ ಇತಿಹಾಸಕ್ಕೆ ಇನ್ನೊಂದು ಮುಖವೂ ಇದೆ. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಅವರ ಹೆಂಡತಿ ಜೊತೆಗೆ ಬರಲಿಲ್ಲ. ಮಿಷನ್ ಕಥೆ ಹೇಳುವಾಗ ನಮ್ಮ ಮನೆಗಳಲ್ಲಿ ಕೌಂಡಿನ್ಯರ ತ್ಯಾಗ ಹೇಳುತ್ತಾರೆ, ಆ ಹೆಂಡತಿಯ ಕಡೆಯಿಂದ ಯಾರೂ ಹೇಳಿದ್ದು ನಾನು ಕೇಳಿಲ್ಲ. ಶೋಭಾ ಬಂದಾಗಲೆಲ್ಲ ನನಗೆ ಅವರ ನೆನಪು.

ಈಗಿನ ಸ್ಥಿತಿ: ಪಾಟ್ಲಿ ಬಿಡಿಸಿ ತಂದು ತಾಯಿಯ ಕೈಗೆ ಕೊಟ್ಟಿದ್ದಾರೆ. ಕಿರಾಣಿ ಬಾಕಿ ಮುಗಿದಿದೆ. ಸರ ಇನ್ನೂ ಬ್ಯಾಂಕಿನಲ್ಲೇ. ಸಂಘದ ಕಂತನ್ನು ಈಗ ಮಂಜುನಾಥ ಕಟ್ಟುತ್ತಾರೆ, ಲೆಕ್ಕ ಮಾತ್ರ ಶೋಭಾರ ಹತ್ತಿರವೇ ಇರಬೇಕು ಅಂತ ನಾನು ಹಟ ಹಿಡಿದಿದ್ದೇನೆ. ಶೋಭಾ ಕ್ಷಮಿಸಿದ್ದಾರಾ ಅಂತ ನಾನು ಕೇಳಿಲ್ಲ, ಕೇಳೋದೂ ಇಲ್ಲ.

ಬನದ ಹುಣ್ಣಿಮೆ ಪ್ರಶ್ನೆ ಬಗೆಹರಿದಿಲ್ಲ. ಪ್ರತಿ ವರ್ಷ ಬುತ್ತಿ ಕಟ್ಟಿಕೊಂಡು ತಾಯಿಯನ್ನು ಯಲ್ಲಮ್ಮನ ಗುಡ್ಡಕ್ಕೆ ಕರೆದೊಯ್ಯುತ್ತಿದ್ದವರು ಮಂಜುನಾಥರೇ, ಕುಡಿದ ವರ್ಷಗಳಲ್ಲೂ. ಈಗ ಗಾಡಿ ಬಾಡಿಗೆ ಕೊಡ್ತೀನಿ, ಬರಲ್ಲ ಅಂತಾರೆ. ತಾಯಿಗೆ ಬಾಡಿಗೆ ಬೇಡ, ಮಗ ಬೇಕು. ಗುಡ್ಡದ ಕೆಳಗೆ ಗಾಡಿಯಲ್ಲೇ ಕೂತಿರಬಹುದಾ ಅಂತ ಮಂಜುನಾಥ ಪಾಸ್ಟರನ್ನು ಕೇಳಿದ್ದಾರಂತೆ. ಅದು ನಿನ್ನ ಮನಸ್ಸಾಕ್ಷಿಗೆ ಬಿಟ್ಟದ್ದು ಅಂದರಂತೆ ಅವರು. ಮುಂದಿನ ಸಲ ಅತ್ತೆಯನ್ನೂ ಕರೆತರೋಕೆ ಹೇಳಿದ್ದೇನೆ. "ನಾ ಬರೂದಿಲ್ಲ, ಅವನೇ ಬಂದು ನನ್ನ ಜೋಡಿ ಮಾತಾಡ್ಲಿ" ಅಂತ ಹೇಳಿ ಕಳಿಸಿದ್ದಾರೆ.