ಬಕೆಟ್ ಇಡಲೂ ಜಾಗ ಇಲ್ಲದ ಬಚ್ಚಲು

ಕಳೆದ ತಿಂಗಳು ಅಟ್ಟದ ಸಾಮಾನಿನ ಬಗ್ಗೆ ಬರೆದದ್ದೇ ತಪ್ಪಾಯಿತು. ‘ಅಟ್ಟ ಹಾಗಿರಲಿ, ಬಚ್ಚಲಿಗೊಂದು ದಾರಿ ಹೇಳಿ’ ಎಂದು ಪತ್ರದ ಮೇಲೆ ಪತ್ರ. ಅದರಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ನಾನು ಇಂಜಿನಿಯರ್ ಅಲ್ಲ. ಏಳು ಬಾಡಿಗೆ ಮನೆ ಬದಲಿಸಿ ಎಂಟನೆಯದಾಗಿ ಸ್ವಂತ ಮನೆ ಕಂಡವಳು. ಏಳೂ ಕಡೆ ಬಚ್ಚಲು ಚಿಕ್ಕದೇ ಇತ್ತು. ಎಂಟನೆಯದೂ ಚಿಕ್ಕದೇ.

ಪ್ರಶ್ನೆ: ನಮ್ಮದು ಬಾಡಿಗೆ ಮನೆ. ಬಾತ್‌ರೂಮ್ 4 ಅಡಿ ಅಗಲ, ಆರೂವರೆ ಅಡಿ ಉದ್ದ. ಕಮೋಡ್, ಸ್ನಾನ ಎಲ್ಲಾ ಅದರೊಳಗೇ. ನಾಲ್ಕು ಜನರ ಶಾಂಪೂ, ಸೋಪು, ಬಟ್ಟೆ ಪುಡಿ ನೆಲದ ಮೇಲೆ, ಇಲ್ಲ ಫ್ಲಶ್ ಟ್ಯಾಂಕಿನ ಮೇಲೆ. ಓನರ್ ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ. ಏನು ಮಾಡಲಿ?
— ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ಮೊದಲು ಎಲ್ಲವನ್ನೂ ಹೊರಗೆ ತಂದು, ಹಾಲ್‌ನಲ್ಲಿ ಹಳೇ ಪೇಪರ್ ಹಾಸಿ, ಸಾಲಾಗಿ ಇಡಿ. ಬೇಜಾರಿನ ಕೆಲಸ, ಆದರೂ ಮಾಡಿ. ನಾನು ಮಾಡಿದಾಗ 34 ಸಾಮಾನು ಸಿಕ್ಕಿದ್ದವು. ತಲೆಕೆಳಗಾಗಿ ನಿಲ್ಲಿಸಿದ್ದ ಖಾಲಿ ಶಾಂಪೂ ಬಾಟಲಿಯೇ ಐದು. ‘ಇನ್ನೊಂದು ಸಲಕ್ಕೆ ಬರುತ್ತೆ’ ಎಂದು ನಮ್ಮ ಮನೆಯವರು ಇಟ್ಟದ್ದು. ಮೊಂಡಾದ ಬ್ರಷ್ಷು ಮೂರು. ಮದುವೆಗೆ ಹೋದಾಗ ಲಾಡ್ಜಿನಿಂದ ತಂದ ಪುಟಾಣಿ ಸೋಪು ಒಂದು ಬೊಗಸೆ. ದಿನಾ ಕೈಗೆ ಬೇಕಾದದ್ದು ಎಷ್ಟು ಅಂತ ಲೆಕ್ಕ ಹಾಕಿದರೆ ಹತ್ತು ದಾಟಲಿಲ್ಲ.

ಆಮೇಲೆ ಇನ್ನೊಂದು ಪರೀಕ್ಷೆ. ನಾಳೆ ಕೊನೆಯವರ ಸ್ನಾನ ಮುಗಿದ ಕೂಡಲೇ ಒಳಗೆ ಹೋಗಿ ಗೋಡೆ ಮುಟ್ಟಿ ನೋಡಿ. ನೀರು ಎಲ್ಲಿಯವರೆಗೆ ಸಿಡಿದಿದೆ, ಎಲ್ಲಿ ಒಣಗಿದೆ? ಸ್ಟೂಲಿನ ಮೇಲೆ ಕೂತು ಚೊಂಬಿನಲ್ಲಿ ಹೊಯ್ದುಕೊಳ್ಳುವ ಮನೆಯಲ್ಲಿ ಸೊಂಟದಿಂದ ಕೆಳಗೆ ಜಾಸ್ತಿ ಒದ್ದೆ. ಶವರ್ ಆದರೆ ಆ ಮೂಲೆ ಪೂರ್ತಿ ಒದ್ದೆ. ಬಾಗಿಲ ನೆತ್ತಿ, ಬಾಗಿಲ ಹಿಂಭಾಗ, ಫ್ಲಶ್ ಟ್ಯಾಂಕಿನ ಮೇಲಿನ ಗೋಡೆ, ಇವು ಹೆಚ್ಚಾಗಿ ಒಣಗೇ ಇರುತ್ತವೆ. ನಿಮ್ಮ ಜಾಗ ಅಲ್ಲಿದೆ.

ಫೋನಿನಲ್ಲಿ ಬರುವ ಚಂದದ ಫೋಟೋಗಳನ್ನು ನಂಬಬೇಡಿ. ಮರದ ಸ್ಟ್ಯಾಂಡಿನ ಮೇಲೆ ಮಡಿಸಿಟ್ಟ ಬಿಳಿ ಟವೆಲ್ಲು, ಬೆತ್ತದ ಬುಟ್ಟಿ. ಒಂದರಲ್ಲಾದರೂ ಬಕೆಟ್ ನೋಡಿದ್ದೀರಾ? ಅವರು ಗಾಜಿನ ಗೂಡಿನೊಳಗೆ ಸ್ನಾನ ಮಾಡುತ್ತಾರೆ, ಹೊರಗಿನ ನೆಲ ಒಣಗೇ ಇರುತ್ತದೆ. ನಾವು ಸ್ನಾನ ಮುಗಿಸಿ ಇನ್ನೆರಡು ಚೊಂಬು ನೀರು ನೆಲಕ್ಕೆ ಹೊಯ್ದೇ ಹೊರಗೆ ಬರುವವರು. ಆ ಬೆತ್ತದ ಬುಟ್ಟಿ ನಮ್ಮಲ್ಲಿ ಒಂದು ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ.

ಮೊಳೆ ಬೇಡ ಅಂದರೆ ಮೂರು ದಾರಿ. ನಿಮ್ಮ 4 ಅಡಿ ಅಗಲವೇ ಇಲ್ಲಿ ಅನುಕೂಲ. ಎರಡು ಗೋಡೆಗಳ ನಡುವೆ ತಿರುಗಿಸಿ ಬಿಗಿ ಮಾಡುವ ಸ್ಪ್ರಿಂಗ್ ರಾಡ್ ಸಿಗುತ್ತದೆ, ಪರದೆ ಅಂಗಡಿಯಲ್ಲಿ ಕೇಳಿ. ಕಮೋಡಿನ ಮೇಲೆ, ಎದ್ದು ನಿಂತರೆ ತಲೆಗೆ ತಾಗದಷ್ಟು ಎತ್ತರಕ್ಕೆ ಒಂದು ರಾಡ್ ಹಾಕಿ, ಕೊಕ್ಕೆಯಿಂದ ಪ್ಲಾಸ್ಟಿಕ್ ಜಾಲರಿ ಬುಟ್ಟಿ ತೂಗುಹಾಕಿ. ನೀರು ತಾನೇ ಸೋರಿಹೋಗುತ್ತದೆ. ಹಗುರದ ಸಾಮಾನು ಮಾತ್ರ, ಬಟ್ಟೆ ಪುಡಿಯ ದೊಡ್ಡ ಡಬ್ಬಿ ಬೇಡ.

ಎರಡನೆಯದು ಬಾಗಿಲಿಗೆ ಮೇಲಿಂದ ಸಿಕ್ಕಿಸುವ ಕೊಕ್ಕೆ. ಕೊಳ್ಳುವ ಮೊದಲು ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಂದು ಎಷ್ಟಿದೆ ನೋಡಿ. ಒಂದು ರೂಪಾಯಿ ನಾಣ್ಯ ಆರಾಮಾಗಿ ಓಡಾಡಿದರೆ ತೆಳು ತಗಡಿನ ಕೊಕ್ಕೆ ಕೂರುತ್ತದೆ. ಇಲ್ಲದಿದ್ದರೆ ಬಾಗಿಲು ಹಾಕಲು ಬರುವುದಿಲ್ಲ. ಬಾತ್‌ರೂಮಿನಲ್ಲಿ ಅದಕ್ಕಿಂತ ದೊಡ್ಡ ಕಷ್ಟ ಇಲ್ಲ, ಅಲ್ವಾ?

ಮೂರನೆಯದು ಅಂಟಿಸುವ ಶೆಲ್ಫು. ಇದರ ಕಥೆ ನನ್ನಿಂದಲೇ ಕೇಳಿ. ತಂದ ದಿನವೇ ಅಂಟಿಸಿ, ಅರ್ಧ ಗಂಟೆಯಲ್ಲಿ ಎಲ್ಲ ಜೋಡಿಸಿ, ಎಲ್ಲರನ್ನೂ ಕರೆದು ತೋರಿಸಿದೆ. ರಾತ್ರಿ ಎರಡು ಗಂಟೆಗೆ ದಡಾರ್ ಅಂತ ಸದ್ದು. ಕಳ್ಳ ಬಂದ ಅಂತ ಮಾವನವರು ಕೋಲು ಹಿಡಿದು ಬಂದರು. ನೋಡಿದರೆ ಶೆಲ್ಫು ನೆಲದಲ್ಲಿ, ಗಾಜಿನ ಬಾಟಲಿ ಚೂರು, ಅರ್ಧ ಲೀಟರ್ ಕೊಬ್ಬರಿ ಎಣ್ಣೆ ಮೋರಿ ಕಡೆಗೆ ನಿಧಾನಕ್ಕೆ ಹರಿಯುತ್ತಿತ್ತು. ಜಾರದ ಹಾಗೆ ಆ ನೆಲವನ್ನು ತೊಳೆಯಲು ಸೀಗೆಪುಡಿ ಹಾಕಿ ಮೂರು ಸಲ ಉಜ್ಜಬೇಕಾಯಿತು. ತಪ್ಪು ಶೆಲ್ಫಿನದಲ್ಲ, ನನ್ನದು. ಬೋರ್‌ವೆಲ್ ನೀರಿನ ಮನೆಗಳಲ್ಲಿ ಟೈಲ್ಸ್ ಮೇಲೆ ಬಿಳಿ ಉಪ್ಪಿನ ಪದರ ಕಟ್ಟಿರುತ್ತದೆ. ಅಂಟು ಟೈಲ್ಸನ್ನು ಹಿಡಿಯದೆ ಆ ಪದರವನ್ನು ಹಿಡಿದಿತ್ತು. ನಿಂಬೆಹಣ್ಣೋ ವಿನೆಗರ್ರೋ ಹಾಕಿ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ ಅಂಟಿಸಬೇಕು. ಅಂಟಿಸಿದ ಮೇಲೆ 24 ಗಂಟೆ ಖಾಲಿ ಬಿಡಬೇಕು. ನಯವಾದ ಟೈಲ್ಸ್ ಆದರೆ ಮಾತ್ರ. ತರಿತರಿ ಟೈಲ್ಸಿಗೂ ಸುಣ್ಣದ ಗೋಡೆಗೂ ನಿಲ್ಲುವುದಿಲ್ಲ. ಡಬ್ಬಿಯ ಮೇಲೆ ಎಷ್ಟು ಕೆಜಿ ಅಂತ ಬರೆದಿದೆಯೋ ಅದರ ಅರ್ಧ ಅಂತ ಲೆಕ್ಕ ಇಟ್ಟುಕೊಳ್ಳಿ. ಗಾಜಿನದು ಏನೂ ಬೇಡ.

ಇಷ್ಟೆಲ್ಲ ಹೇಳಿದರೂ ನಾನು ಕೊನೆಗೆ ಮಾಡಿದ್ದು ಬೇರೆ. ಹಾಸ್ಟೆಲಿನಲ್ಲಿ ಬಕೆಟಿನೊಳಗೆ ಸೋಪು, ಚೊಂಬು, ಟವೆಲ್ಲು ಇಟ್ಟುಕೊಂಡು ಹೋಗಿ, ಅದರಲ್ಲೇ ವಾಪಸ್ ತರುತ್ತಿದ್ದೆವಲ್ಲ. ಈಗ ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಿಡಿಕೆ ಬುಟ್ಟಿ. ಅದು ಇರುವುದು ರೂಮಿನ ಕಪಾಟಿನಲ್ಲಿ. ಬಚ್ಚಲಲ್ಲಿ ಉಳಿದದ್ದು ಒಂದು ಸೋಪು, ಒಂದು ಹ್ಯಾಂಡ್‌ವಾಶ್. ಮಗಳು ಮೊದಲ ವಾರ ಮೂರು ಸಲ ಒದ್ದೆ ತಲೆಯಲ್ಲಿ ‘ಅಮ್ಮಾ, ಬುಟ್ಟಿ’ ಎಂದು ಕೂಗಿದಳು. ಎರಡನೇ ವಾರ ಕೂಗಲಿಲ್ಲ.

ಪ್ರಶ್ನೆ: ಸ್ವಂತ ಮನೆ, ಬಚ್ಚಲು ಹೊಸದಾಗಿ ಮಾಡಿಸುತ್ತಿದ್ದೇವೆ. ವಾಶ್ ಬೇಸಿನ್ ಕೆಳಗೆ ಮರದ ಕಪಾಟು ಮಾಡಿಸಿ ಎಂದು ಬಡಗಿ ಹೇಳುತ್ತಿದ್ದಾರೆ. ಮಾಡಿಸಲಾ?
— ಓದುಗರೊಬ್ಬರು, ಹಾಸನ

ಉತ್ತರ: ಅಲ್ಲಿ ಮರ ಅಂದರೆ ಯಾವ ಮರ ಅಂತ ಮೊದಲು ಕೇಳಿ. ರೆಡಿಮೇಡ್ ಕಪಾಟುಗಳಲ್ಲಿ ಬಹಳಷ್ಟು ಎಂಡಿಎಫ್. ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ ಅದು. ಮೇಲಿನ ಹೊದಿಕೆ ಎಲ್ಲಾದರೂ ಒಂದು ಕಡೆ ಸೀಳಿದರೆ ಸಾಕು, ನೀರು ಕುಡಿದು ಬನ್ನಿನ ಹಾಗೆ ಉಬ್ಬುತ್ತದೆ. ನಾನು ತಂದದ್ದು ಆಷಾಢದಲ್ಲಿ ಬಂತು, ಗೌರಿ ಹಬ್ಬಕ್ಕೆ ಬಾಗಿಲು ಮುಚ್ಚುತ್ತಿರಲಿಲ್ಲ. ಪ್ಲೈವುಡ್ಡೇ ಬೇಕಾದರೆ ಹಲಗೆಯ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿ, ಅದು ನೀರಿಗೆ ತಡೆಯುವ ಮರೈನ್ ಪ್ಲೈ. ಐಎಸ್ 303 ಇದ್ದರೆ ಸಾಮಾನ್ಯ ಪ್ಲೈ, ಬಚ್ಚಲಿಗೆ ಬೇಡ. ಪಿವಿಸಿ ಹಲಗೆಯೂ ಪರವಾಗಿಲ್ಲ. ಯಾವುದೇ ಆಗಲಿ, ನೆಲಕ್ಕೆ ತಾಗಿಸಬೇಡಿ. ಒಂದಡಿ ಮೇಲೆ ಗೋಡೆಗೆ ಕೂರಿಸಿದರೆ ಕೆಳಗೆ ಪೊರಕೆಯೂ ಹೋಗುತ್ತದೆ, ಬಕೆಟ್ಟನ್ನೂ ಅರ್ಧ ಒಳಗೆ ತಳ್ಳಬಹುದು.

ನನ್ನನ್ನು ಕೇಳಿದರೆ ಕಡಪ ಕಲ್ಲು. ನಮ್ಮ ಅಡುಗೆಮನೆಗಳಲ್ಲಿ ಎಷ್ಟೋ ವರ್ಷದಿಂದ ಇದೆ, ಬಚ್ಚಲಿಗೆ ಮಾತ್ರ ಯಾಕೋ ನೆನಪಾಗುವುದಿಲ್ಲ. ಟೈಲ್ಸ್ ಹಾಕುವ ಮೊದಲು ಗೋಡೆಯಲ್ಲಿ ಉದ್ದಕ್ಕೆ ಕಚ್ಚು ಹೊಡೆದು, ಬಾಗಿಲ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಒಂದು ಹಲಗೆ ಕೂರಿಸಿ. ಬಾಗಿಲು 7 ಅಡಿ, ಸೂರು ಸುಮಾರು 10 ಅಡಿ. ನಡುವಿನ ಮೂರಡಿ ಸುಮ್ನೆ ಜೇಡಕ್ಕೆ ಬಿಟ್ಟಿದ್ದೇವೆ. ಹೆಚ್ಚಿನ ಸೋಪು, ಫಿನಾಯಿಲ್, ಬಟ್ಟೆ ಪುಡಿಯ ದೊಡ್ಡ ಪೊಟ್ಟಣ ಎಲ್ಲಾ ಅಲ್ಲಿಗೆ.

ಇನ್ನೊಂದು, ಗೋಡೆಯಲ್ಲೇ ಗೂಡು. ಈಗ ‘ನಿಶ್’ ಅಂತ ಹೆಸರಿಟ್ಟು ಬೇರೆ ದುಡ್ಡು ಕೇಳುತ್ತಾರೆ. ಸಾಗರದ ಹತ್ತಿರ ನಮ್ಮಜ್ಜಿ ಮನೆಯ ಬಚ್ಚಲಲ್ಲಿ ಮೂರು ಗೂಡಿದ್ದವು. ಹಂಡೆ ಒಲೆಯ ಪಕ್ಕದ್ದರಲ್ಲಿ ಬೆಂಕಿಪೊಟ್ಟಣ ಮತ್ತು ಅಡಿಕೆ ಸೋಗೆಯ ಚೂರು, ನಡುವಿನದರಲ್ಲಿ ಬುಡ್ಡಿ ದೀಪ, ಮೂರನೆಯದರಲ್ಲಿ ತೆಂಗಿನ ಚಿಪ್ಪಿನಲ್ಲಿ ಸೀಗೆಪುಡಿ. ಸೀಗೆಪುಡಿಯ ಗೂಡಿನ ಅಡಿ ಮುಂದಕ್ಕೆ ತುಸು ವಾಲಿತ್ತು. ಚಿಪ್ಪು ಜಾರುತ್ತೆ ಅಂತ ಅಜ್ಜಿ ಒಂದು ಕಲ್ಲು ಒತ್ತು ಕೊಟ್ಟಿದ್ದಳು. ಕಟ್ಟಿದವನು ಸರಿಯಾಗಿ ಕಟ್ಟಿಲ್ಲ ಅಂದುಕೊಂಡಿದ್ದೆ. ನಮ್ಮ ಮನೆ ಕಟ್ಟುವಾಗ ಮೇಸ್ತ್ರಿ ಹೇಳಿದ ಮೇಲೆ ಗೊತ್ತಾಯಿತು, ನೀರು ನಿಲ್ಲದೆ ಇಳಿದು ಹೋಗಲಿ ಅಂತಲೇ ಹಾಗೆ ಮಾಡುವುದು. ನಿಮ್ಮ ಗೂಡಿಗೂ ಅಷ್ಟು ಇಳಿಜಾರು ಕೊಡಿಸಿ. 4 ಇಂಚು ಆಳ ಸಾಕು, ಶಾಂಪೂ ಬಾಟಲಿ ಕೂರುತ್ತದೆ. ಆದರೆ ಗೋಡೆ 9 ಇಂಚಿನದಾಗಿರಬೇಕು. ನಾಲ್ಕೂವರೆ ಇಂಚಿನ ಗೋಡೆ ಕೊರೆದರೆ ಪಕ್ಕದ ರೂಮಿಗೆ ಕಿಟಕಿ ಇಟ್ಟ ಹಾಗೆ. ಟೈಲ್ಸಿಗೆ ಮೊದಲು ಗೂಡಿನೊಳಗೂ ವಾಟರ್‌ಪ್ರೂಫ್ ಬಳಿಸುವುದನ್ನು ಎದುರಿಗೇ ನಿಂತು ನೋಡಿ.

ಪ್ರಶ್ನೆ: ಮೂಲೆಗೆ ಹಾಕಿದ ಸ್ಟೀಲ್ ರ‍್ಯಾಕ್ ಆರೇ ತಿಂಗಳಲ್ಲಿ ತುಕ್ಕು ಹಿಡಿದಿದೆ. ಅಂಗಡಿಯವರು ಅಯಸ್ಕಾಂತ ಇಟ್ಟು, ‘ಅಂಟಲಿಲ್ಲ ನೋಡಿ, ಅಸಲಿ ಸ್ಟೀಲ್’ ಎಂದಿದ್ದರು.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ, ಪೂರ್ತಿ ನಿಜವನ್ನೂ ಹೇಳಿಲ್ಲ. 202 ಅಂತ ಒಂದು ಸ್ಟೀಲ್, 304 ಅಂತ ಇನ್ನೊಂದು. ಎರಡಕ್ಕೂ ಅಯಸ್ಕಾಂತ ಅಂಟುವುದಿಲ್ಲ. 304ರಲ್ಲಿ ನೂರಕ್ಕೆ ನಿಕಲ್ ಸುಮಾರು 8 ಭಾಗ, ಕ್ರೋಮಿಯಂ 18 ಭಾಗ. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಅಗ್ಗ ನಿಜ, ಆದರೆ ಬಚ್ಚಲಿನ ತೇವಕ್ಕೆ ಬೇಗ ಸೋಲುತ್ತದೆ. ಬಿಲ್ಲಿನಲ್ಲಿ 304 ಅಂತ ಬರೆಸಿಕೊಳ್ಳಿ.

ಇನ್ನೊಂದು ಅನುಮಾನ. ಅದೇ ರ‍್ಯಾಕಿನ ಹತ್ತಿರ ಟಾಯ್ಲೆಟ್ ತೊಳೆಯುವ ಆಸಿಡ್ ಬಾಟಲಿ ಇಟ್ಟಿದ್ದೀರಾ? ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಅದರ ಹೊಗೆಗೆ 304 ಕೂಡ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಆಸಿಡ್ಡನ್ನು ಬಚ್ಚಲಿಂದ ಹೊರಗೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಜಾಗ ಉಳಿಯಲಿ ಅಂತ ಬ್ಲೀಚಿಂಗ್ ಪೌಡರ್ ಜೊತೆ ಒಂದೇ ಬುಟ್ಟಿಗೆ ಮಾತ್ರ ತುಂಬಬೇಡಿ. ಎರಡೂ ಸೋರಿ ಸೇರಿದರೆ ಬರುವುದು ಕ್ಲೋರಿನ್, ವಿಷದ ಗಾಳಿ.

ಪ್ರಶ್ನೆ: ನಮ್ಮ ಬಚ್ಚಲಲ್ಲಿ ವೆಂಟಿಲೇಟರಿನ ಕಟ್ಟೆ ಒಂದೇ ಖಾಲಿ ಇರುವುದು. ಅಲ್ಲಿ ಡಬ್ಬಿಗಳನ್ನು ಜೋಡಿಸಿ, ಕಾಣದ ಹಾಗೆ ರಟ್ಟು ಹೊಡೆದಿದ್ದೇನೆ. ಗ್ಯಾಸ್ ಗೀಸರಿಗೂ ಸುತ್ತ ಒಂದು ಕಪಾಟು ಮಾಡಿಸಬಹುದಾ?
— ಓದುಗರೊಬ್ಬರು, ತುಮಕೂರು

ಉತ್ತರ: ಪತ್ರಿಕೆ ಮಡಿಸಿಟ್ಟು, ಹೋಗಿ ಆ ರಟ್ಟು ಕಿತ್ತು ಬನ್ನಿ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತುತ್ತಿದೆ ಅನ್ನುವಷ್ಟರಲ್ಲಿ ಎದ್ದು ಚಿಲಕ ತೆಗೆಯಲು ಕಾಲಲ್ಲಿ ಶಕ್ತಿ ಇರುವುದಿಲ್ಲ. ಹೀಗೆ ಸತ್ತವರ ಸುದ್ದಿ ಚಳಿಗಾಲದಲ್ಲಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಕಪಾಟು ಬೇಡವೇ ಬೇಡ. ಆಗುವುದಾದರೆ ಗೀಸರನ್ನೇ ಬಚ್ಚಲಿನ ಹೊರಗಿನ ಗೋಡೆಗೆ ಸಾಗಿಸಿ, ಪೈಪು ಮಾತ್ರ ಒಳಗೆ ಬರಲಿ. ಜೀವವೂ ಉಳಿಯುತ್ತದೆ, ಒಂದು ಗೋಡೆಯೂ ಖಾಲಿಯಾಗುತ್ತದೆ.

ಪ್ರಶ್ನೆ: ಕನ್ನಡಿ ಹಿಂದೆ ಶೆಲ್ಫ್ ಇರುವ ಕಪಾಟು ತಂದಿದ್ದೇನೆ. ಡ್ರಿಲ್ ಮಾಡಿದರೆ ಟೈಲ್ಸ್ ಸೀಳುತ್ತೆ ಅಂತ ಹೆದರಿ ಎರಡು ತಿಂಗಳಿಂದ ಮಂಚದ ಕೆಳಗಿದೆ. ಅದರಲ್ಲಿ ಅತ್ತೆಯವರ ಮಾತ್ರೆ ಇಡುವ ಯೋಚನೆ.
— ಓದುಗರೊಬ್ಬರು, ಮೈಸೂರು

ಉತ್ತರ: ಮಾತ್ರೆ ಬೇಡ. ಬಚ್ಚಲಿನ ಹಬೆಗೆ ಮಾತ್ರೆಗಳು ಕೆಡುತ್ತವೆ. ಪೇಸ್ಟು, ಬಾಚಣಿಗೆ, ಶೇವಿಂಗ್ ಸೆಟ್ಟು ಇಡಿ. ಡ್ರಿಲ್ಲಿಗೆ ಟೈಲ್ಸಿನದೇ ಬಿಟ್ ತನ್ನಿ, ಈಟಿಯ ಹಾಗೆ ಚೂಪು ಮೂತಿ ಇರುತ್ತದೆ. ತೂತು ಮಾಡುವ ಕಡೆ ಅಂಟು ಟೇಪ್ ಹಚ್ಚಿದರೆ ಬಿಟ್ ಜಾರುವುದಿಲ್ಲ. ಟೈಲ್ಸ್ ದಾಟುವವರೆಗೂ ಡ್ರಿಲ್ಲಿನ ಹ್ಯಾಮರ್, ಅಂದರೆ ಕುಟ್ಟುವ ಗುಂಡಿ, ಆಫ್ ಇರಲಿ, ನಿಧಾನಕ್ಕೆ ಒತ್ತಿ. ನಲ್ಲಿಯ ನೇರ ಮೇಲೆ, ಕೆಳಗೆ ಮತ್ತು ಗೀಸರಿನ ಸಾಲಿನಲ್ಲಿ ಮಾತ್ರ ಕೈ ಹಾಕಬೇಡಿ, ಪೈಪು ವೈರು ಅಲ್ಲೇ ಹೋಗಿರುತ್ತವೆ. ಕನ್ನಡಿಯ ಎತ್ತರ ಗುರುತು ಮಾಡುವಾಗ ಅತ್ತೆಯವರನ್ನೂ ಕರೆದು ನಿಲ್ಲಿಸಿ. ನಮ್ಮ ಮನೆಯದನ್ನು ನಮ್ಮವರ ಎತ್ತರಕ್ಕೆ ಹೊಡೆಸಿ, ಆರು ವರ್ಷದಿಂದ ನಾನು ಹಣೆ ಮಾತ್ರ ನೋಡಿಕೊಳ್ಳುತ್ತಿದ್ದೇನೆ.