ಭದ್ರತೆಯ ನೀತಿ ರೂಪಿಸುವ ಕೆಲಸಕ್ಕೆ ದಾರಿ ಎಲ್ಲಿಂದ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ತಂತ್ರಜ್ಞಾನ ಮತ್ತು ರಾಷ್ಟ್ರೀಯ ಭದ್ರತೆಯ ನೀತಿ ಕ್ಷೇತ್ರದ ಉದ್ಯೋಗದ ಬಗ್ಗೆ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಮೂರನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿ. ಬೆಂಗಳೂರಿನ ಚಿಪ್ ವಿನ್ಯಾಸದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ಆದರೆ ಚಿಪ್ ರಫ್ತು ನಿರ್ಬಂಧ, ಆ್ಯಪ್ ನಿಷೇಧದಂಥ ವಿಷಯಗಳಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ತಜ್ಞನಾಗಬೇಕೆಂಬ ಆಸೆಯಿದೆ. ಯಾವ ಪರೀಕ್ಷೆ ಬರೆಯಬೇಕು? ಕೈಗೆ ಬಂದ ಕೆಲಸ ಬಿಡಬೇಕೇ? (ಸುರತ್ಕಲ್)

ಉತ್ತರ: ಈ ಕೆಲಸಕ್ಕೆಂದೇ ಇರುವ ಪರೀಕ್ಷೆ ಯಾವುದೂ ಇಲ್ಲ, ಇದೊಂದೇ ಕಾರಣಕ್ಕೆ ನಮ್ಮ ಊರುಗಳ ಮನೆಗಳಲ್ಲಿ ಇದನ್ನು ಉದ್ಯೋಗವೆಂದು ಒಪ್ಪುವುದು ಕಷ್ಟವಾಗುತ್ತದೆ. ಕೆ. ಸುಬ್ರಹ್ಮಣ್ಯಂ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಐಎಎಸ್ ಸೇರಿದವರು. ಮುಂದೆ ದೆಹಲಿಯ ರಕ್ಷಣಾ ಅಧ್ಯಯನ ಸಂಸ್ಥೆಯನ್ನು ಮುನ್ನಡೆಸಿದರು, 1999ರಲ್ಲಿ ಕಾರ್ಗಿಲ್ ಪರಿಶೀಲನಾ ಸಮಿತಿಯ ಅಧ್ಯಕ್ಷರಾದರು. ಗುಲ್ಶನ್ ರೈ ದೇಶದ ಕಂಪ್ಯೂಟರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್‌ನ ಮಹಾನಿರ್ದೇಶಕರಾಗಿದ್ದು, ಬಳಿಕ ಮೊದಲ ರಾಷ್ಟ್ರೀಯ ಸೈಬರ್ ಭದ್ರತಾ ಸಂಯೋಜಕರಾದರು. ಅಮೆರಿಕದ ಪಾಲ್ ಶಾರ್ ಸೈನಿಕನಾಗಿದ್ದು, ಅನಂತರ ಅಲ್ಲಿನ ರಕ್ಷಣಾ ಇಲಾಖೆಯಾದ ಪೆಂಟಗನ್‌ನಲ್ಲಿ ಸ್ವಯಂಚಾಲಿತ ಶಸ್ತ್ರಾಸ್ತ್ರಗಳ ಕುರಿತ 2012ರ ನಿರ್ದೇಶನದ ಕರಡನ್ನು ಬರೆದ ತಂಡವನ್ನು ಮುನ್ನಡೆಸಿದವರು. ಆಡಳಿತಾಧಿಕಾರಿ, ತಂತ್ರಜ್ಞ, ಸೈನಿಕ: ಮೂವರೂ ಬೇರೆ ಬೇರೆ ಬಾಗಿಲುಗಳಿಂದ ಇದೇ ಕೋಣೆಗೆ ಬಂದರು.

ಆ ಕೋಣೆಯಲ್ಲಿ ನಡೆಯುವ ಕೆಲಸ ಏನೆಂಬುದನ್ನು ನಿಮ್ಮದೇ ವಿಷಯದ ಉದಾಹರಣೆಯಿಂದ ಹೇಳುತ್ತೇನೆ. 2022ರ ಅಕ್ಟೋಬರ್ 7ರಂದು ಅಮೆರಿಕದ ವಾಣಿಜ್ಯ ಇಲಾಖೆಯು ಕೃತಕ ಬುದ್ಧಿಮತ್ತೆಗೆ ಬಳಸುವ ಉನ್ನತ ಚಿಪ್‌ಗಳನ್ನು ಚೀನಾಕ್ಕೆ ಮಾರದಂತೆ ನಿರ್ಬಂಧಿಸಿತು. ನಿಯಮವೆಂದ ಮೇಲೆ ಗೆರೆ ಎಳೆಯಲೇಬೇಕು. ಎಳೆದ ಗೆರೆಗಳಲ್ಲಿ ಒಂದು, ಒಂದು ಚಿಪ್ ಇನ್ನೊಂದರೊಡನೆ ಮಾಹಿತಿ ವಿನಿಮಯ ಮಾಡಿಕೊಳ್ಳುವ ವೇಗ, ಸೆಕೆಂಡಿಗೆ 600 ಗಿಗಾಬೈಟ್. ಎನ್ವಿಡಿಯಾ ಕಂಪನಿಯ ಎ100 ಚಿಪ್ ಸರಿಯಾಗಿ ಆ ಗೆರೆಯ ಮೇಲೆ ನಿಂತಿತ್ತು. ಸುಮಾರು ಒಂದು ತಿಂಗಳಲ್ಲಿ ಕಂಪನಿಯು ಅದೇ ಚಿಪ್‌ನ ವೇಗವನ್ನು 400ಕ್ಕೆ ಇಳಿಸಿ, ಎ800 ಎಂದು ಹೆಸರಿಟ್ಟು ಚೀನಾದ ಮಾರುಕಟ್ಟೆಗೆ ತಂದಿತು. ಲೆಕ್ಕ ಮಾಡುವ ಶಕ್ತಿ ಮಾತ್ರ ಹಾಗೆಯೇ ಉಳಿದಿತ್ತು. 2023ರ ಅಕ್ಟೋಬರ್ 17ರಂದು ಸರ್ಕಾರವು ಆ ಅಳತೆಯನ್ನೇ ಕೈಬಿಟ್ಟು, ಚಿಪ್‌ನ ಒಟ್ಟು ಲೆಕ್ಕಾಚಾರದ ಸಾಮರ್ಥ್ಯ ಮತ್ತು ಅದರ ಸಾಂದ್ರತೆಯನ್ನು ಆಧರಿಸಿ ಹೊಸ ಗೆರೆ ಎಳೆಯಬೇಕಾಯಿತು.

ಇಡೀ ಒಂದು ವರ್ಷದ ನೀತಿ ಒಂದು ಅಂಕಿಯ ಮೇಲೆ ನಿಂತಿತ್ತು ಎಂಬುದನ್ನು ಗಮನಿಸಿ. ಯಾವ ಅಳತೆಯನ್ನು ತಗ್ಗಿಸಿದರೆ ಚಿಪ್ಪಿನ ಉಪಯೋಗ ನಿಜವಾಗಿ ಕುಗ್ಗುತ್ತದೆ, ಯಾವುದನ್ನು ತಗ್ಗಿಸಿದರೆ ಹೆಚ್ಚೇನೂ ಆಗುವುದಿಲ್ಲ ಎಂಬುದು ವಿನ್ಯಾಸದ ಮೇಜಿನಲ್ಲಿ ಕುಳಿತವನಿಗೆ ಮೊದಲು ಹೊಳೆಯುತ್ತದೆ. ಆದುದರಿಂದ ಕೈಗೆ ಬಂದ ಕೆಲಸವನ್ನು ಬಿಡಬೇಡಿ. ಮೂರು ವರ್ಷವಾದರೂ ಅಲ್ಲಿ ಮನಸ್ಸಿಟ್ಟು ದುಡಿಯಿರಿ. ಒಂದು ತಂತ್ರಜ್ಞಾನವನ್ನಾದರೂ ಬುಡದವರೆಗೆ ಬಲ್ಲವರ ಕೊರತೆ ಈ ಕ್ಷೇತ್ರದಲ್ಲಿ ಇಂದಿಗೂ ತೀವ್ರವಾಗಿದೆ. ಎಲ್ಲದರ ಬಗ್ಗೆಯೂ ಒಂದೊಂದು ಮಾತು ಆಡಬಲ್ಲವರ ಕೊರತೆ ಎಂದೂ ಇರಲಿಲ್ಲ.

ಈ ಮೂರು ವರ್ಷಗಳಲ್ಲಿ ಸಂಜೆಯ ಹೊತ್ತು ಮಾಡಬೇಕಾದ ಕೆಲಸವೆಂದರೆ ಸರ್ಕಾರಿ ಕಾಗದವನ್ನು ಓದಲು ಕಲಿಯುವುದು. ಪತ್ರಿಕೆಯ ವರದಿಯನ್ನಲ್ಲ, ಮೂಲ ಅಧಿಸೂಚನೆಯನ್ನೇ ಓದಿ. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ; ಆ ಕಲಮು ಯಾವ ಕಾರಣಗಳಿಗೆ ಅವಕಾಶ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂದು ಪೆನ್ಸಿಲ್ ಹಿಡಿದು ಗುರುತು ಮಾಡಿಕೊಳ್ಳಿ. ನಮ್ಮ ದೇಶಕ್ಕೂ ರಫ್ತು ನಿಯಂತ್ರಣದ ಪಟ್ಟಿಯಿದೆ. ಸ್ಕೋಮೆಟ್ ಎಂದು ಕರೆಯುವ ಆ ಪಟ್ಟಿಯನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಪ್ರಕಟಿಸುತ್ತದೆ; ಭಾರತವು 2017ರ ಡಿಸೆಂಬರ್‌ನಲ್ಲಿ, ಶಸ್ತ್ರಾಸ್ತ್ರ ಮತ್ತು ಸೂಕ್ಷ್ಮ ತಂತ್ರಜ್ಞಾನದ ರಫ್ತನ್ನು ನಿಯಂತ್ರಿಸುವ ದೇಶಗಳ ವಾಸೆನಾರ್ ಒಪ್ಪಂದದ ಕೂಟವನ್ನು ಸೇರಿದ ನಂತರ ಅದರ ಮಹತ್ವ ಇನ್ನೂ ಹೆಚ್ಚಿದೆ. ಸ್ಕೋಮೆಟ್ ಪಟ್ಟಿಯ ಎಂಟನೆಯ ವರ್ಗದಲ್ಲಿ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಮತ್ತು ದೂರಸಂಪರ್ಕದ ಸಾಮಗ್ರಿಗಳಿವೆ. ಚಿಪ್ ವಿನ್ಯಾಸ ಬಲ್ಲ ಎಂಜಿನಿಯರ್ ಅದನ್ನು ಸಾಲುಸಾಲಾಗಿ ಓದಿ ಟಿಪ್ಪಣಿ ಬರೆದರೆ ಅದಕ್ಕೆ ಬೆಲೆ ಇದ್ದೇ ಇರುತ್ತದೆ.

ಬರೆಯುವುದರ ಬಗ್ಗೆ ಒಂದು ಮಾತು. ನಾನು ಮೊದಲ ಬಾರಿ ದೂರಸಂಪರ್ಕ ಉಪಕರಣಗಳ ಮೇಲೆ ಟಿಪ್ಪಣಿ ಬರೆದಾಗ ಅದು 14 ಪುಟವಾಗಿತ್ತು. ನನ್ನ ಹಿರಿಯ ಸಹೋದ್ಯೋಗಿ ಅದನ್ನು ಪೂರ್ತಿ ಓದಿ, ಹನ್ನೊಂದನೆಯ ಪುಟದ ಒಂದು ವಾಕ್ಯದ ಕೆಳಗೆ ಗೆರೆ ಎಳೆದು, 'ನಿನಗೆ ಹೇಳಬೇಕಾಗಿದ್ದದ್ದು ಇದು, ಇದರಿಂದ ಶುರು ಮಾಡು' ಎಂದರು. ಎರಡು ಪುಟಕ್ಕೆ ಇಳಿಸಲು ನನಗೆ ಒಂಬತ್ತು ದಿನ ಬೇಕಾಯಿತು. ಆದೇಶಕ್ಕೆ ಸಹಿ ಹಾಕುವ ಅಧಿಕಾರಿಯ ಮೇಜಿಗೆ ಹೋಗುವುದು ಆ ಎರಡು ಪುಟ ಮಾತ್ರ. ಏನು ನಿರ್ಧರಿಸಬೇಕು, ಯಾವ ಯಾವ ದಾರಿಗಳಿವೆ, ಪ್ರತಿಯೊಂದರಿಂದ ಯಾರಿಗೆ ಏನು ನಷ್ಟ ಎಂಬುದನ್ನು ಅಷ್ಟರೊಳಗೆ ಹೇಳಲು ಬರುವುದೇ ಈ ವೃತ್ತಿಯ ಕೌಶಲ.

ಮೂರು ವರ್ಷದ ನಂತರ ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯ ಸಾರ್ವಜನಿಕ ನೀತಿಯ ಕೋರ್ಸನ್ನು ಕೆಲಸದ ಜೊತೆಗೇ ಮಾಡಬಹುದು. ದೆಹಲಿಯ ಕಾರ್ನೆಗಿ ಇಂಡಿಯಾ, ಅಬ್ಸರ್ವರ್ ರಿಸರ್ಚ್ ಫೌಂಡೇಶನ್ (ಓಆರ್‌ಎಫ್) ನಂಥ, ನೀತಿಯ ಅಧ್ಯಯನ ಮಾಡುವ ಚಿಂತನಾ ಸಂಸ್ಥೆಗಳಲ್ಲಿ ತಂತ್ರಜ್ಞಾನದ ವಿಭಾಗಗಳಿವೆ. ಆರಂಭದ ಸಂಬಳ ಚಿಪ್ ಕಂಪನಿಯದಕ್ಕಿಂತ ಸಾಕಷ್ಟು ಕಡಿಮೆ ಇರುತ್ತದೆ ಎಂಬುದನ್ನೂ, ಬಹುಪಾಲು ಹುದ್ದೆಗಳು ವರ್ಷ ವರ್ಷದ ಗುತ್ತಿಗೆಯವು ಎಂಬುದನ್ನೂ ಮನೆಯವರಿಗೆ ಈಗಲೇ ತಿಳಿಸಿಬಿಡಿ. ಶಿಕ್ಷಣ ಸಾಲವಿದ್ದರೆ ಅದನ್ನು ತೀರಿಸಿಯೇ ಹೊರಡುವುದು ಒಳ್ಳೆಯದು.

ಪ್ರಶ್ನೆ: ನನ್ನ ಮಗಳು ರಾಜ್ಯಶಾಸ್ತ್ರದಲ್ಲಿ ಬಿಎ ಓದುತ್ತಿದ್ದಾಳೆ. ತಂತ್ರಜ್ಞಾನ ಮತ್ತು ದೇಶದ ಭದ್ರತೆಯ ವಿಷಯದಲ್ಲೇ ಮುಂದುವರಿಯುತ್ತೇನೆ ಎನ್ನುತ್ತಾಳೆ. ಅವಳಿಗೆ ಎಂಜಿನಿಯರಿಂಗ್ ಗೊತ್ತಿಲ್ಲ, ನಾವು ಮಲ್ಪೆಯಲ್ಲಿ ಮೀನಿನ ವ್ಯಾಪಾರ ಮಾಡುವವರು, ದೆಹಲಿಯಲ್ಲಿ ಪರಿಚಯದವರೂ ಇಲ್ಲ. ಇದು ಅವಳಿಗೆ ಹಿಡಿಸುವ ದಾರಿಯೇ? (ಉಡುಪಿ)

ಉತ್ತರ: ಅಮ್ಮಾ, ನಿಮ್ಮ ಮಗಳಿಗೆ ದೆಹಲಿಯವರಿಗೆ ಸಿಗದ ಒಂದು ಅನುಕೂಲ ಮನೆಯ ಅಂಗಳದಲ್ಲೇ ಇದೆ. ಇದನ್ನು ಸಮಾಧಾನಕ್ಕೆಂದು ಹೇಳುತ್ತಿಲ್ಲ.

2008ರ ನವೆಂಬರ್ 26ರ ಮುಂಬೈ ದಾಳಿಕೋರರು ಕುಬೇರ್ ಎಂಬ ಮೀನುಗಾರಿಕಾ ಬೋಟನ್ನು ವಶಪಡಿಸಿಕೊಂಡು ಬಂದವರು. ಅಂದಿನಿಂದ ಮೀನುಗಾರರ ಬೋಟು ರಾಷ್ಟ್ರೀಯ ಭದ್ರತೆಯ ವಿಷಯವಾಯಿತು. 20 ಮೀಟರ್ ಹಾಗೂ ಅದಕ್ಕಿಂತ ಉದ್ದದ ಬೋಟುಗಳಿಗೆ ಎಐಎಸ್ ಎಂಬ ಗುರುತಿನ ಸಾಧನ ಕಡ್ಡಾಯವಾಯಿತು. ಈಚೆಗೆ, 2024ರ ಆಗಸ್ಟ್‌ನಲ್ಲಿ, ಇಸ್ರೋ ಅಭಿವೃದ್ಧಿಪಡಿಸಿದ ಉಪಗ್ರಹ ಆಧಾರಿತ ಟ್ರಾನ್ಸ್‌ಪಾಂಡರ್‌ಗಳನ್ನು ದೇಶದ ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆ ಆರಂಭವಾಯಿತು.

ಮಳೆಗಾಲದ ರಜೆಯ ಒಂದು ದಿನ, ಬೋಟುಗಳೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದಾಗ, ನಾನು ಮಲ್ಪೆಯಲ್ಲಿ ಆಳಸಮುದ್ರ ಬೋಟೊಂದರ ಚಾಲಕನ ಕೋಣೆಯಲ್ಲಿ ಕುಳಿತಿದ್ದೆ. ಚುಕ್ಕಾಣಿಯ ಮೇಲ್ಗಡೆ ವಯರ್‌ಲೆಸ್, ಅದರ ಪಕ್ಕ ಮೀನು ಪತ್ತೆ ಮಾಡುವ ಪರದೆ, ಮತ್ತೊಂದು ಪಕ್ಕದಲ್ಲಿ ದೇವರ ಪಟ, ಅದಕ್ಕೆ ಒಣಗಿದ ಮಲ್ಲಿಗೆ. ಎಐಎಸ್ ಪೆಟ್ಟಿಗೆಯ ವಯರು ಮಾತ್ರ ಕಳಚಿ ನೇತಾಡುತ್ತಿತ್ತು. ಕಾರಣ ಕೇಳಿದಾಗ ಬೋಟು ನಡೆಸುವ ತಾಂಡೇಲರು ತುಳುವಿನಲ್ಲಿ ಹೇಳಿದ್ದರ ಸಾರ ಇಷ್ಟು: 'ಮಾರಾಯ್ರೇ, ನಾವು ಎಲ್ಲಿ ಬಲೆ ಬಿಟ್ಟಿದ್ದೇವೆಂದು ಇದು ಊರಿಗೆಲ್ಲ ಹೇಳುತ್ತದೆ. ಮರುದಿನ ಅಲ್ಲಿ ಇಪ್ಪತ್ತು ಬೋಟು ಬಂದಿರುತ್ತವೆ.'

ಅವರು ಹೇಳಿದ್ದು ತಾಂತ್ರಿಕವಾಗಿಯೂ ಸರಿ. ಎಐಎಸ್ ತನ್ನ ಸ್ಥಾನವನ್ನು ಗುಪ್ತ ಲಿಪಿಯಿಲ್ಲದೆ ಬಹಿರಂಗವಾಗಿ ಪ್ರಸಾರ ಮಾಡುತ್ತದೆ. ಸಮೀಪದಲ್ಲಿ ರಿಸೀವರ್ ಇರುವ ಯಾರಿಗಾದರೂ ಅದು ಕಾಣುತ್ತದೆ. ಹಡಗುಗಳು ಡಿಕ್ಕಿಯಾಗದಿರಲಿ ಎಂದು ಮಾಡಿದ ಸಾಧನ ಅದು, ಆದ್ದರಿಂದ ಬಹಿರಂಗವಾಗಿರುವುದೇ ಅದರ ಉದ್ದೇಶ. ಸಂದೇಶ ಕಳುಹಿಸಿದವರು ನಿಜವಾಗಿಯೂ ಅವರೇ ಎಂದು ಪರೀಕ್ಷಿಸುವ ವ್ಯವಸ್ಥೆಯೂ ಅದರೊಳಗಿಲ್ಲ. ಉಪಗ್ರಹದ ಟ್ರಾನ್ಸ್‌ಪಾಂಡರ್ ಹಾಗಲ್ಲ, ಅದರ ಮಾಹಿತಿ ಸರ್ಕಾರದ ಕೇಂದ್ರಕ್ಕೆ ಹೋಗುತ್ತದೆ, ಕಷ್ಟದಲ್ಲಿದ್ದಾಗ ಬೋಟಿನಿಂದ ಸಂದೇಶ ಕಳುಹಿಸಲೂ ಬರುತ್ತದೆ. ಆದರೆ ಆ ಕೇಂದ್ರದಲ್ಲಿ ಅದನ್ನು ಯಾರು ಯಾರು ನೋಡಬಹುದು, ಎಷ್ಟು ಕಾಲ ಇಟ್ಟುಕೊಳ್ಳಬಹುದು, ಮೀನುಗಾರಿಕಾ ಇಲಾಖೆಯ ದಂಡ ವಸೂಲಿಗೆ ಅದನ್ನು ಬಳಸಬಹುದೇ ಎಂಬ ಪ್ರಶ್ನೆಗಳಿಗೆ ತಾಂಡೇಲರಿಗೆ ನಂಬಿಕೆ ಹುಟ್ಟುವ ಉತ್ತರ ಬೇಕು. ನಂಬಿಕೆ ಹುಟ್ಟದಿದ್ದರೆ ಈ ವಯರೂ ಕಳಚಿಕೊಳ್ಳುತ್ತದೆ, ಆಗ ಕರಾವಳಿಯ ಭದ್ರತೆಯಲ್ಲಿ ದೊಡ್ಡ ತೂತು ಬೀಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೆಯ ಕಲಮು ದೇಶದ ಭದ್ರತೆಯ ಕಾರಣಕ್ಕೆ ಸರ್ಕಾರದ ಸಂಸ್ಥೆಗಳಿಗೆ ವಿನಾಯಿತಿ ನೀಡಲು ಅವಕಾಶ ಕೊಟ್ಟಿದೆ. ಆ ವಿನಾಯಿತಿಯ ಮಿತಿ ಎಲ್ಲಿರಬೇಕು ಎಂದು ಯೋಚಿಸಲು ಎಂಜಿನಿಯರಿಂಗ್ ಪದವಿ ಬೇಕಾಗಿಲ್ಲ. ಕಾನೂನಿನ ಓದು, ಸಾಧನ ಹೇಗೆ ಕೆಲಸ ಮಾಡುತ್ತದೆಂದು ಕೂಲಂಕಷವಾಗಿ ಕೇಳಿ ತಿಳಿಯುವ ತಾಳ್ಮೆ, ದಕ್ಕೆಯವರೊಡನೆ ತುಳುವಿನಲ್ಲಿ ಮಾತನಾಡುವ ಸಲುಗೆ ಬೇಕು. ಮೂರನೆಯದು ನಿಮ್ಮ ಮಗಳಿಗೆ ಹುಟ್ಟಿನಿಂದಲೇ ಬಂದಿದೆ.

ಓದಿನ ಬಗ್ಗೆ ಹೇಳುವುದಾದರೆ, ಮಣಿಪಾಲದ ಮಾಹೆ ವಿಶ್ವವಿದ್ಯಾನಿಲಯದಲ್ಲಿ ಭೌಗೋಳಿಕ ರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗವೇ ಇದೆ, ಮನೆಯಿಂದ ಹೋಗಿ ಬರುವಷ್ಟು ಹತ್ತಿರ. ಶುಲ್ಕ ಹೆಚ್ಚೆನಿಸಿದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರದ ಎಂಎ ಮಾಡಬಹುದು. ನನ್ನನ್ನು ಕೇಳಿದರೆ ಕಾನೂನು ಪದವಿಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಈ ಕ್ಷೇತ್ರದಲ್ಲಿ ಕೆಲಸ ಸಿಗದ ವರ್ಷದಲ್ಲೂ ಅದು ಊಟಕ್ಕೆ ದಾರಿ ಮಾಡುತ್ತದೆ. ಸಂಸದರೊಬ್ಬರ ಸಹಾಯಕರಾಗಿ ಸುಮಾರು ಒಂದು ವರ್ಷ ಕೆಲಸ ಮಾಡುವ, ಶಾಸನಗಳ ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆ ನಡೆಸುವ ಲ್ಯಾಂಪ್ ಫೆಲೋಶಿಪ್‌ಗೆ ಅರ್ಜಿ ಹಾಕಲು ಹೇಳಿ. ದೆಹಲಿಯಲ್ಲಿ ಪರಿಚಯ ಆಗುವುದು ಅಲ್ಲಿಂದಲೇ. ಅದಕ್ಕೂ ಮೊದಲು, ಈ ವರ್ಷವೇ, ಅವಳು ಮಲ್ಪೆಯ ಹತ್ತು ಬೋಟುಗಳವರನ್ನು ಮಾತನಾಡಿಸಿ, ಯಾರ ಹೆಸರನ್ನೂ ಬೋಟಿನ ಸಂಖ್ಯೆಯನ್ನೂ ಹಾಕದೆ ಒಂದು ಲೇಖನ ಬರೆಯಲಿ. ಬೋಟುಗಳ ದಾರಿ, ಗಸ್ತಿನ ಸಮಯದಂಥ ವಿವರಗಳನ್ನು ಅದರಲ್ಲಿ ಬರೆಯಕೂಡದು. ಏನನ್ನು ಬರೆಯಬಾರದೆಂದು ತಿಳಿದಿರುವುದೂ ಈ ಕೆಲಸದ ಅರ್ಹತೆಗಳಲ್ಲಿ ಒಂದು.

ಪ್ರಶ್ನೆ: ಮಂಗಳೂರಿನ ಬ್ಯಾಂಕೊಂದರ ಮಾಹಿತಿ ಭದ್ರತಾ ವಿಭಾಗದಲ್ಲಿ 16 ವರ್ಷದಿಂದ ಇದ್ದೇನೆ. ವಯಸ್ಸು 43. ಈಗ ನೀತಿಯ ಕಡೆಗೆ ಹೊರಳಲು ತಡವಾಯಿತೇ? (ಕದ್ರಿ)

ಉತ್ತರ: ತಡವಾಗಿಲ್ಲ. ಕೆಲಸ ಬಿಡಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ.

ಬ್ಯಾಂಕಿಂಗ್ ಕ್ಷೇತ್ರವು ದೇಶದ ನಿರ್ಣಾಯಕ ಮಾಹಿತಿ ಮೂಲಸೌಕರ್ಯದ ಭಾಗ. 2022ರಲ್ಲಿ ಸರ್ಕಾರವು ಕೆಲವು ದೊಡ್ಡ ಬ್ಯಾಂಕುಗಳ ಮತ್ತು ಯುಪಿಐ ನಡೆಸುವ ಪಾವತಿ ನಿಗಮದ ಕಂಪ್ಯೂಟರ್ ವ್ಯವಸ್ಥೆಗಳನ್ನು ಅಧಿಕೃತವಾಗಿ ಹಾಗೆಂದು ಘೋಷಿಸಿತು. ಸೈಬರ್ ದಾಳಿಯಾದರೆ 2 ರಿಂದ 6 ಗಂಟೆಯೊಳಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2016ರಲ್ಲಿ ಹೇಳಿತು. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಕೂಡ 6 ಗಂಟೆಯ ಗಡುವು ವಿಧಿಸಿತು, ಜೊತೆಗೆ 180 ದಿನಗಳ ಲಾಗ್‌ಗಳನ್ನು, ಅಂದರೆ ಕಂಪ್ಯೂಟರ್ ಚಟುವಟಿಕೆಯ ದಾಖಲೆಗಳನ್ನು, ಇಟ್ಟುಕೊಳ್ಳಬೇಕೆಂದಿತು. ಈ ಗಡುವು ಹೆಚ್ಚೋ ಕಡಿಮೆಯೋ ಎಂದು ಚರ್ಚಿಸುವವರಲ್ಲಿ ಬಹಳ ಮಂದಿ ಶನಿವಾರ ರಾತ್ರಿ ಎರಡು ಗಂಟೆಗೆ ಎಚ್ಚರಿಕೆಯ ಸಂದೇಶ ಬಂದಾಗ ಎದ್ದು ಕುಳಿತವರಲ್ಲ. ನೀವು ಕುಳಿತಿದ್ದೀರಿ. ಇದು ದಾಳಿಯೋ ಯಂತ್ರದ ದೋಷವೋ ಎಂದು ತಿಳಿಯಲು ಎಷ್ಟು ಹೊತ್ತು ಹಿಡಿಯುತ್ತದೆ, ವರದಿಗೆ ಒಪ್ಪಿಗೆ ಕೊಡಬೇಕಾದ ಮೇಲಧಿಕಾರಿ ಫೋನ್ ಎತ್ತದಿದ್ದರೆ ಏನಾಗುತ್ತದೆ, ಇಬ್ಬರು ನಿಯಂತ್ರಕರಿಗೆ ಎರಡು ನಮೂನೆಗಳನ್ನು ತುಂಬುತ್ತಾ ಕುಳಿತರೆ ದಾಳಿಯನ್ನು ತಡೆಯುವವರು ಯಾರು ಎಂಬುದು ನಿಮಗೆ ಅನುಭವದಿಂದ ಗೊತ್ತು.

ಸಚಿವಾಲಯಗಳು ಮತ್ತು ನಿಯಂತ್ರಕರು ಕರಡು ನಿಯಮಗಳನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುವುದುಂಟು. ಮುಂದಿನ ಅಂಥ ಕರಡಿಗೆ ಉತ್ತರ ಬರೆಯುವುದರಿಂದ ಆರಂಭಿಸಿ. ನಿಮ್ಮ ಬ್ಯಾಂಕಿನಲ್ಲಿ ನಡೆದ ಯಾವ ಘಟನೆಯನ್ನೂ ಅದರಲ್ಲಿ ತರಬೇಡಿ. ಸೇವಾ ನಿಯಮಗಳ ಪ್ರಕಾರ ಹೊರಗೆ ಬರೆಯಲು ಅನುಮತಿ ಬೇಕಿದ್ದರೆ ಲಿಖಿತವಾಗಿ ಪಡೆದುಕೊಳ್ಳಿ, ಬಾಯಿಮಾತಿನ ಒಪ್ಪಿಗೆ ಸಾಲದು. ಇಂಥ ಮೂರು ನಾಲ್ಕು ಉತ್ತರಗಳು ಕೈಯಲ್ಲಿದ್ದಾಗ ಚಿಂತನಾ ಸಂಸ್ಥೆಗಳಿಗೆ ಅರೆಕಾಲಿಕ ಸಂಶೋಧಕರಾಗಲು ಪತ್ರ ಬರೆಯಿರಿ. ಅನುಮತಿ ಸಿಗದಿದ್ದರೆ ನಿಮ್ಮ ಬ್ಯಾಂಕಿನ ಒಳಗೇ, ಆಡಳಿತ ಮಂಡಳಿಗೆ ಹೋಗುವ ಸೈಬರ್ ಭದ್ರತಾ ವರದಿಯನ್ನು ಬರೆಯುವ ಜವಾಬ್ದಾರಿ ಕೇಳಿ ಪಡೆಯಿರಿ. ನಿರ್ಧರಿಸುವವರಿಗಾಗಿ ಬರೆಯುವ ಅಭ್ಯಾಸ ಅಲ್ಲಿಯೂ ಆಗುತ್ತದೆ.